ನಲವತ್ತನೆಯ ಹೆಣದ ಸರದಿ

"ನಲವತ್ತು ಸಾವು ತಾನೇ? ಸಂಜೆಯೊಳಗೆ ಮುಗಿಸುತ್ತೇನೆ ಪ್ರಭು. ಖಜಾನೆಯ ಬಿಡಿಗಾಸೂ ಬೇಡ!" ಎಂದು ಮಂತ್ರಿ ಬೊಮ್ಮರಸಯ್ಯ ಮೀಸೆ ತಿರುವಿದ.

ನಾನು ಅರಮನೆಯಲ್ಲಿ ಎಲೆ ಮಡಿಸುವ ಮುದುಕಿ ಗಿರಿಯವ್ವ. ನನಗೆ ಬರುವ ಅಕ್ಷರ ಎರಡೇ, ಅವಕ್ಕೂ ಒಂದನ್ನು ಕಂಡರೆ ಇನ್ನೊಂದಕ್ಕಾಗದು. ಊರವರ ಮನೆ ಸುದ್ದಿ ಮಾತ್ರ ಕೇಳಿ, ಒಪ್ಪಿಸುತ್ತೇನೆ.

ಹಿಂದಿನ ದಿನ ಹೊಳೆಯಲ್ಲಿ ದೋಣಿ ಮಗುಚಿತ್ತು. ಹೆಣಗಳನ್ನು ನೋಡಿ, ಯಾರು, ಹೇಗೆ ಸತ್ತರು ಎಂದು ಹೇಳಬೇಕಾದವನು ಹುಲಿಗೆಪ್ಪ ಒಬ್ಬನೇ. "ಹತ್ತು ಆಳು, ಇಬ್ಬರು ವೈದ್ಯರು, ಬಟ್ಟೆ, ಎಣ್ಣೆ ಕೊಡಿಸಿ ಬುದ್ಧಿ" ಎಂದು ಕೈಮುಗಿದು ನಿಂತಿದ್ದ.

ಪಕ್ಕದಲ್ಲಿ ದುರುಗವ್ವ. "ನೀರಲ್ಲಿ ಊದಿ ಮುಖದ ಗುರುತೇ ಸಿಗುತ್ತಿಲ್ಲ. ನನ್ನ ಗಂಡ ಯಾವನು ಅಂತ ತೋರಿಸಿದರೆ ಸಾಕು. ಕಂಡವರ ಗಂಡನಿಗೆ ಹೇಗೆ ಬೆಂಕಿ ಇಡಲಿ?"

"ನೀರಿಗೆ ಬಿದ್ದರು, ಸತ್ತರು. ಅದಕ್ಕೊಂದು ವಿಚಾರಣೆ ಬೇರೆ!" ಎಂದ ಮಂತ್ರಿ. "ದೋಣಿ ಹೊರಡುವಾಗ ಬರೆದ ಪಟ್ಟಿ ಇದೆ. ಇದರಲ್ಲಿದ್ದವರೆಲ್ಲ ಸತ್ತರೆಂದು ಮುದ್ರೆ ಒತ್ತಿ. ಸಂಜೆ ಒಂದೇ ಚಿತೆ."

ಅವಸರ ಯಾಕೆ ಗೊತ್ತೇ? ದೋಣಿ ಅವನ ಭಾವಮೈದುನನದು. ಕೊಳೆತ ಹಲಗೆಗೆ ಬಣ್ಣ ಬಳಿದಿದ್ದರು. ಯಾರಿಗೂ ಹೇಳಬೇಡವೆಂದು ಆಣೆ ಹಾಕಿಸಿಕೊಂಡೇ ಅಂಬಿಗನ ಹೆಂಡತಿ ನನಗೆ ಹೇಳಿದ್ದು. ಪಾಪ, ನಂಬೋದಕ್ಕೆ ಅವಳಿಗೆ ನಾನೇ ಸಿಗಬೇಕೇ!

ರಾಜ ಮುದ್ರೆ ಒತ್ತುವವರೆಗೂ ಬಾಯಿ ಮುಚ್ಚಿಕೊಂಡಿದ್ದೆ. ದವಡೆ ನೋವು ಬಂತು. ಆಮೇಲೆ ಅಂದೆ: "ಬುದ್ಧಿ, ಹೆಸರು ಓದಿಸಿ. ಒಬ್ಬೊಬ್ಬರಿಗೂ ಅಳುತ್ತೇನೆ."

ಕರಣಿಕ ಓದಿದ: "ಮೊದಲನೆಯವರು, ಶ್ರೀಮಾನ್ ಮಂತ್ರಿ ಬೊಮ್ಮರಸಯ್ಯನವರು..."

ಆ ದೋಣಿಯಲ್ಲಿ ಅದೇ ಪದ್ಧತಿ; ಅಂಬಿಗನ ಹೆಂಡತಿ ಅದನ್ನೂ ಹೇಳಿದ್ದಳು. ಮಂತ್ರಿ ಹತ್ತಲಿ ಬಿಡಲಿ, ಮರ್ಯಾದೆಗೆ ಮೊದಲ ಹೆಸರು ಅವನದೇ.

"ಅಯ್ಯೋ ನನ್ನ ಧಣೀ! ಹೋಗಿಬಿಟ್ಟಿರಾ!" ಎಂದು ಎದೆ ಬಡಿದುಕೊಂಡೆ. ಅಳು ಚೆನ್ನಾಗಿಯೇ ಬಂತು. ಸ್ವಂತ ಗಂಡ ಸತ್ತಾಗಲೂ ಇಷ್ಟು ಬಂದಿರಲಿಲ್ಲ.

"ಏ ಮುದುಕಿ! ಬದುಕಿದ್ದೇನೆ, ಕಣ್ಣು ಕಾಣಲ್ವೇ?"

"ಕಾಣುತ್ತೆ ಸ್ವಾಮಿ. ಎಲೆ ಮಡಿಸೋಳ ಮಾತಿಗೆ ರಾಜಮುದ್ರೆ ಅಳಿಸುತ್ತಾರೆಯೇ? ಹುಲಿಗೆಪ್ಪನೇ ನೋಡಿ ಹೇಳಬೇಕು."

"ಹುಲಿಗೆಪ್ಪಾ, ನನ್ನ ನಾಡಿ ಹಿಡಿಯೋ!"

ನಾನು ಅಡ್ಡ ನಿಂತೆ. "ಅದು ಹೇಗೆ? ಅವನು ಒಬ್ಬನೇ. ಮೂವತ್ತೊಂಬತ್ತು ಜನ ನಿಮಗಿಂತ ಮೊದಲು ಬಂದು ದಂಡೆಯಲ್ಲಿ ಮಲಗಿದ್ದಾರೆ. ನಿಮ್ಮ ಸರದಿ ಎಂಟು ದಿನಕ್ಕೆ. ಚಿತೆ ಮಾತ್ರ ಸಂಜೆಗೇ."

"ಹತ್ತಲ್ಲ, ಇಪ್ಪತ್ತು ಆಳು ಕೊಡಿ! ವೈದ್ಯರನ್ನು ಕರೆಸಿ! ಖಜಾನೆಯಿಂದಲೇ ಕೊಡಿ!" ಮಂತ್ರಿ ಕೂಗಿಕೊಂಡ.

ರಾಜ ಹೊಟ್ಟೆ ಹಿಡಿದು ನಕ್ಕ. ದುರುಗವ್ವನ ಮುಖ ಕಂಡು ನಗು ನಿಂತಿತು. ಪಟ್ಟಿ ಹರಿದು, ಹುಲಿಗೆಪ್ಪ ಕೇಳಿದ್ದನ್ನೆಲ್ಲ ಕೊಡಿಸಿದ. ಇನ್ನು ಮುಂದೆ ಯಾವ ಊರಲ್ಲಿ ಇಂಥದ್ದಾದರೂ ಕೇಳುವ ಮೊದಲೇ ಖಜಾನೆ ಕೊಡಬೇಕೆಂದ.

ಮೂರನೆಯ ದಿನ ದುರುಗವ್ವನಿಗೆ ಗಂಡ ಸಿಕ್ಕಿದ. ಕೊಳೆತ ಹಲಗೆಯೂ ಆಸ್ಥಾನಕ್ಕೆ ಬಂತು. ಭಾವಮೈದುನ ಸೆರೆಗೆ, ಮಂತ್ರಿ ಮನೆಗೆ.

"ನಿನಗೇನು ಬೇಕು ಗಿರಿಯವ್ವ?" ಎಂದ ರಾಜ.

"ನಾನು ಸತ್ತಾಗ ಹುಲಿಗೆಪ್ಪನಿಂದಲೇ ಸರಿಯಾಗಿ ನೋಡಿಸಿ ಬುದ್ಧಿ. ಉಸಿರು ನಿಂತ ಮೇಲೂ ಈ ನಾಲಿಗೆ ಎರಡು ದಿನ ಆಡುತ್ತಿರುತ್ತದೆ. ಬದುಕಿದ್ದಾಳೆಂದು ಹಾಗೇ ಬಿಟ್ಟುಬಿಟ್ಟಾರು!"