ಕಾಯಂ ಗಿರಾಕಿ

ಪರದೇಶದ ಒಂದು ಪಟ್ಟಣದಲ್ಲಿ ಬಸಲಿಂಗವ್ವ ರೊಟ್ಟಿ ಖಾನಾವಳಿ ನಡೆಸುತ್ತಿದ್ದಳು. ಕಾಯಂ ನಿವಾಸಕ್ಕೆ ಹಾಕಿದ ಅರ್ಜಿಗೆ ಇನ್ನೂ ಉತ್ತರ ಬಂದಿರಲಿಲ್ಲ. ಒಂದು ಮಧ್ಯಾಹ್ನ ತೆರಿಗೆ ಅಧಿಕಾರಿ ಬಂದ.

"ನಿಮಗೆ ಆರೋಗ್ಯ ವಿಮೆ ಇಲ್ಲ. ಅದಕ್ಕೆ ಹೆಚ್ಚುವರಿ ತೆರಿಗೆ ಕಟ್ಟಬೇಕು."

"ಹಂಗಾರ ಸರಕಾರದ ವಿಮೆ ಕೊಡ್ರಿ."

"ಅದು ಕಾಯಂ ನಿವಾಸಿಗಳಿಗೆ ಮಾತ್ರ."

ಅಷ್ಟು ಹೇಳಿ ಅವನು ಊಟ ಕೇಳಿದ.

"ನೀವು ತಟ್ಟೆ ತಂದಿಲ್ಲ. ಅದಕ್ಕ ದಂಡ ಕೊಡ್ರಿ."

"ತಟ್ಟೆ ನೀವೇ ಕೊಡಿ!"

"ಅದು ಕಾಯಂ ಗಿರಾಕಿಗಳಿಗೆ ಮಾತ್ರ."

"ನನ್ನನ್ನೂ ಕಾಯಂ ಮಾಡಿಕೊಳ್ಳಿ."

"ಪರಿಶೀಲನೆ ಮಾಡ್ತೀನ್ರಿ. ಅಲ್ಲೀ ತನಕ ದಂಡ ಕೊಡ್ತಾ ಇರ್ರಿ."

ಹೆಂಚಿನ ಮೇಲೆ ರೊಟ್ಟಿ ಉಬ್ಬಿತು. ಎಣ್ಣೆಗಾಯಿಯ ಘಮ ಅವನ ಮೂಗಿಗೆ ಬಡಿಯಿತು. ಅಧಿಕಾರಿ ಪೆಚ್ಚಾಗಿ ನಕ್ಕು, ಕೈಲಿದ್ದ ನೋಟಿಸಿನಲ್ಲಿ ಹೆಚ್ಚುವರಿ ತೆರಿಗೆಯನ್ನು ಹೊಡೆದುಹಾಕಿದ.

ಬಸಲಿಂಗವ್ವ ತಟ್ಟೆ ಇಟ್ಟಳು.

"ನೀವು ಕಾಯಂ ಆದ್ರಿ, ಕೂಡ್ರಿ. ನಿಮ್ಮ ಸರಕಾರದ ಕಚೇರಿಯೊಳಗ ಕಾಯಂ ಆಗಾಕ ನಾ ಇನ್ನೂ ನಿಂತೇ ಇದ್ದೀನಿ."