ಮುಳುಗುವ ದಾರ

ಒಂದು ಕಾಡಿನಲ್ಲಿ, ಬಂಡೆಗಳ ನಡುವೆ, ಆಳವಾದ ಮಡುವೊಂದಿತ್ತು. ಬಿಸಿಲು ಏರಿತೆಂದರೆ ಅದರ ಮೀನುಗಳೆಲ್ಲ ತಳಕ್ಕೆ ಇಳಿದುಬಿಡುತ್ತಿದ್ದವು. ಮೇಲೆ ತೇಲುವ ಗಾಳಕ್ಕೆ ಒಂದೂ ಸಿಗುತ್ತಿರಲಿಲ್ಲ.

ಆ ಮಡುವಿನ ದಡದಲ್ಲಿ ಚುರುಕಿ ಎಂಬ ಕಾಡುಬೆಕ್ಕು ಬೆಳಗಿನಿಂದ ಶತಪಥ ಹಾಕುತ್ತಿದ್ದಳು. ಕೂರಲಾರಳು, ನಿಲ್ಲಲಾರಳು. ಗುಹೆಯಲ್ಲಿ ಮರಿಗಳು ಹಸಿದು ಅಳುತ್ತಿದ್ದವು. ಅವಳ ಗಾಳದ ದಾರ ತುಂಡಾಗಿ ಹೋಗಿತ್ತು.

ಆ ಕಾಡಿನಲ್ಲಿ ದಾರ ಹೆಣೆಯುವವನು ಗುಳ್ಳ ಎಂಬ ನರಿ ಒಬ್ಬನೇ. ಪುಂಡಿ ಗಿಡದ ನಾರನ್ನು ಬಿಗಿಯಾಗಿ ಹೆಣೆದರೆ ದಾರ ಮುಳುಗುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತು. ಅಂಥ ದಾರವನ್ನು ಮಾತ್ರ ತನ್ನ ಸೊಂಟಕ್ಕೇ ಸುತ್ತಿಕೊಂಡಿದ್ದ. ತಳದ ಮೀನೆಲ್ಲ ತನಗೇ ಇರಲಿ ಎಂಬ ದುರಾಸೆ! ಬೇರೆಯವರಿಗೆಂದು ಬೂರುಗದ ಹತ್ತಿಯಲ್ಲಿ ದಾರ ಹೆಣೆದಿದ್ದ. ಆ ಹತ್ತಿ ತೇಲುತ್ತದೆ. ಅದು ಗೊತ್ತಾಗದಿರಲೆಂದು ಎಳೆಗಳ ನಡುವೆ ಜೇಡಿಮಣ್ಣು ಮೆತ್ತಿದ್ದ.

“ಏನು ಬೆಕ್ಕಕ್ಕಾ, ಈ ಪರಿ ಓಡಾಟ?” ಎನ್ನುತ್ತಾ ನರಿ ಆ ದಾರ ಹಿಡಿದು ದಡಕ್ಕೆ ಬಂದ.

“ಮರಿಗಳು ಹಸಿದಿವೆ ನರಿಯಣ್ಣಾ. ಮುಳುಗೋ ದಾರ ಬೇಕು, ಬೇಗ!”

“ತಗೋ, ಕಲ್ಲಿನ ಹಾಗೆ ಮುಳುಗುತ್ತೆ. ಬದಲಿಗೆ ನಿನ್ನ ಗುಹೆ ನನಗೆ ಬಿಟ್ಟುಕೊಡು.”

ಚುರುಕಿ ಗುಹೆಯತ್ತ ತಿರುಗಿ ನೋಡಿದಳು. ಗುಹೆ ಕೊಟ್ಟರೆ ಮರಿಗಳನ್ನು ಎಲ್ಲಿ ಮಲಗಿಸುವುದು? ಕೊಡದಿದ್ದರೆ ಅವುಗಳ ಹೊಟ್ಟೆಗೇನು?

ಕೊಳ್ಳುವ ಮೊದಲು ದಾರವನ್ನು ನೀರಿಗೆ ಬಿಟ್ಟು ನೋಡುವುದು ಆ ಕಾಡಿನ ರೂಢಿ. ನರಿ ಒಂದು ತುದಿಯನ್ನು ಚುರುಕಿಯ ಕೈಗಿತ್ತು ಉಳಿದದ್ದನ್ನು ಮಡುವಿಗೆ ಬಿಟ್ಟ. ಮಣ್ಣಿನ ಭಾರಕ್ಕೆ ದಾರ ಮುಳುಗಿತು.

“ನೋಡಿದೆಯಾ? ಹೂಂ ಅನ್ನು, ಮುಗೀತು.”

ಗುಹೆ ಬಿಡಲು ಚುರುಕಿಗೆ ಮನಸ್ಸಾಗಲಿಲ್ಲ. ತಳಮಳದಲ್ಲಿ ಕೈ ಸುಮ್ಮನಿರಲೂ ಇಲ್ಲ. ದಾರವನ್ನು ಎಳೆದಳು, ಹಿಸುಕಿದಳು, ನೀರಿಗೆ ಬಿಟ್ಟಳು, ಮತ್ತೆ ಎಳೆದು ಹಿಸುಕಿದಳು.

“ಸಾಕು ಬಿಡೇ, ಹಾಳಾಗುತ್ತೆ!” ಈಗ ನರಿಯೂ ಚಡಪಡಿಸಿದ.

ನೀರು ಕದಡಿತು. ಮಣ್ಣೆಲ್ಲ ತೊಳೆದುಹೋಯಿತು. ದಾರ ಮೆಲ್ಲಗೆ ಮೇಲೆದ್ದು ತೇಲತೊಡಗಿತು.

“ಇದೇನು ನರಿಯಣ್ಣಾ, ನಿನ್ನ ಕಲ್ಲು ಈಜ್ತಾ ಇದೆ?”

ಗುಟ್ಟು ರಟ್ಟಾಯಿತೆಂದು ನರಿ ದಾರ ಕಿತ್ತುಕೊಳ್ಳಲು ಹಾರಿದ. ಪಾಚಿಗೆ ಕಾಲು ಜಾರಿ ದೊಪ್ಪನೆ ಮಡುವಿಗೆ ಬಿದ್ದ. ಸೊಂಟದ ಪುಂಡಿದಾರ ಅರ್ಧ ಬಿಚ್ಚಿಕೊಂಡು ಸರಸರನೆ ತಳಕ್ಕಿಳಿಯಿತು, ಅಲ್ಲಿದ್ದ ಮರದ ಬೇರಿಗೆ ಸಿಕ್ಕಿಕೊಂಡಿತು. ಅವನು ಈಜಿದಷ್ಟೂ ಅದು ಕೆಳಕ್ಕೆ ಜಗ್ಗಿತು.

“ಅಕ್ಕಾ, ಸತ್ತೆ! ಕಾಪಾಡು!”

ಚುರುಕಿಗೆ ಸಿಟ್ಟು ಉಕ್ಕುತ್ತಿತ್ತು. ಆದರೂ ಕಣ್ಣೆದುರು ಒಬ್ಬ ಸಾಯುವುದನ್ನು ನೋಡಲಾಗಲಿಲ್ಲ. ಬೂರುಗದ ದಾರವನ್ನು ಅವನತ್ತ ಬೀಸಿದಳು. ಅದು ತೇಲುತ್ತಾ ಅವನ ಮೂಗಿನ ಮುಂದೆಯೇ ನಿಂತಿತು. ನರಿ ಬಾಯಲ್ಲಿ ಕಚ್ಚಿಕೊಂಡ. ಅವಳು ಉಸಿರು ಬಿಗಿಹಿಡಿದು ಎಳೆದಳು. ತಳದ ಬೇರು ಮುರಿಯಿತು. ಪುಂಡಿದಾರದ ಸಮೇತ ನರಿ ದಡ ಸೇರಿದ.

ಚುರುಕಿ ಅವನ ಸೊಂಟದ ದಾರ ಬಿಚ್ಚಿಕೊಂಡಳು. “ಜೀವ ಉಳಿಸಿದ್ದಕ್ಕೆ ನಾನು ಆರಿಸಿದ್ದು ಇದನ್ನು. ತೇಲೋದು ನಿನಗೇ ಇರಲಿ, ಮತ್ತೆ ಬೇಕಾದೀತು!”

ನರಿ ತಲೆ ತಗ್ಗಿಸಿ ಹೊರಟುಹೋದ. ಆ ಸಂಜೆ ಮರಿಗಳು ತಮ್ಮ ಗುಹೆಯಲ್ಲೇ ಹೊಟ್ಟೆ ತುಂಬ ಮೀನು ತಿಂದು ಮಲಗಿದವು.

ನೀತಿ: ಒಳ್ಳೆಯದನ್ನು ತನಗೆಂದು ಬಚ್ಚಿಟ್ಟು ಪರರಿಗೆ ಕೆಟ್ಟದ್ದನ್ನು ಕೊಡುವವನಿಗೆ, ಬಚ್ಚಿಟ್ಟದ್ದೇ ಮುಳುವಾಗುತ್ತದೆ.