ಸೀರೆ ವ್ಯಾಪಾರಿ ಕಾರು ಕೊಂಡದ್ದು

"ಬುದ್ಧೀ, ಲೋಕದ ತಂತ್ರಗಳನ್ನೆಲ್ಲ ತಿಳಿದವನು ಯಾರ ಬಲೆಗೂ ಬೀಳುವುದಿಲ್ಲ, ಅಲ್ಲವೇ?" ಎಂದು ಶಿಷ್ಯ ಚೆನ್ನವೀರ ಗುರುಗಳನ್ನು ಕೇಳಿದ. ಮಠದಲ್ಲಿ ಆಗಷ್ಟೇ ಮಧ್ಯಾಹ್ನದ ಪ್ರಸಾದ ಮುಗಿದಿತ್ತು. "ಕೂತುಕೋ, ಹೇಳುತ್ತೇನೆ" ಎಂದರು ಗುರುಗಳು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನ ಅಂಗಡಿ ಹೊಕ್ಕವರು ಬರಿಗೈಯಲ್ಲಿ ಹೊರಬಂದದ್ದಿಲ್ಲ. ಬಂದವರನ್ನು ಗಾದಿಯ ಮೇಲೆ ಕೂರಿಸಿ, ಕಾಫಿ ಕುಡಿಸಿ, ಬೇಡ ಬೇಡವೆಂದರೂ ಸೀರೆಯ ಮೇಲೆ ಸೀರೆ ಬಿಚ್ಚಿ ರಾಶಿ ಹಾಕುತ್ತಿದ್ದ. ಇಷ್ಟೆಲ್ಲ ಬಿಚ್ಚಿಸಿ ಹಾಗೇ ಎದ್ದು ಹೋಗುವುದು ಹೇಗೆ ಎಂಬ ದಾಕ್ಷಿಣ್ಯಕ್ಕೇ ಒಂದು ಸೀರೆ ಮಾರಾಟವಾಗುತ್ತಿತ್ತು.

ಅವನ ತಾಯಿಗೆ ಮಂಡಿನೋವು. ಬಸ್ಸಿನ ಮೆಟ್ಟಿಲು ಹತ್ತಲಾರದೆ ಪಕ್ಕದೂರಿನ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದಳು. "ಅವ್ವಾ, ನಿನಗೆಂದೇ ತಗ್ಗಿನ ಸಣ್ಣ ಕಾರು ತರುತ್ತೇನೆ. ಮಂಚದ ಮೇಲೆ ಕೂತ ಹಾಗೆ ಕೂರುವಿಯಂತೆ" ಎಂದು ಮಾತು ಕೊಟ್ಟು ಮಗ ಹೊರಟ.

ಶೋರೂಮಿನಲ್ಲಿ ಮಾರಾಟದವನು ನಗುನಗುತ್ತಾ ಕಾಫಿ ತರಿಸಿದ. ವ್ಯಾಪಾರಿ ಮುಟ್ಟಲಿಲ್ಲ. ಈ ರೇಟು ಇವತ್ತು ಸಂಜೆಯವರೆಗೆ ಮಾತ್ರ ಎಂದಾಗ ಮುಗುಳ್ನಕ್ಕ. ಶ್ರಾವಣ ಪೂರ್ತಿ ತಾನೂ ಅದನ್ನೇ ಹೇಳುವವನು. ಈ ಬಣ್ಣದ್ದು ಒಂದೇ ಉಳಿದಿದೆ, ಬೆಳಿಗ್ಗೆ ಒಬ್ಬರು ನೋಡಿ ಹೋಗಿದ್ದಾರೆ ಎಂದಾಗ, ಪಾಪ, ಅವರಿಗೇ ಕೊಡಿ ಎಂದ. ದೊಡ್ಡ ಕಾರನ್ನು ಸುಮ್ಮನೆ ಒಮ್ಮೆ ಓಡಿಸಿ ನೋಡಿ ಎಂದರೂ ಕುರ್ಚಿ ಬಿಟ್ಟು ಏಳಲಿಲ್ಲ. ನನ್ನ ಹತ್ತಿರ ಈ ಆಟವೇ ಎಂದು ಒಳಗೊಳಗೇ ಹಿಗ್ಗಿದ. ಸಣ್ಣ ಕಾರು ಕೈಗೆ ಬಂದಂತೆಯೇ ಆಗಿತ್ತು.

ಆಗ ಮಾರಾಟದವನು ಕೈಮುಗಿದ. "ಯಜಮಾನ್ರೇ, ಸೋತೆ. ನಿಮ್ಮನ್ನು ಯಾಮಾರಿಸುವವನು ಇನ್ನೂ ಹುಟ್ಟಿಲ್ಲ. ನಿಜ ಹೇಳಲಾ? ಈ ಸಣ್ಣದು ಏನೂ ತಿಳಿಯದವರಿಗೆ. ತಿಳಿದವರು ಯಾವುದನ್ನು ಒಯ್ಯುತ್ತಾರೆ ಅಂತ ನಿಮಗೆ ನಾನು ಹೇಳಿಕೊಡಬೇಕೇ?"

ಹೇಳಿಕೊಡಬೇಕಾಗಲಿಲ್ಲ. ವ್ಯಾಪಾರಿಗೆ ಎದೆ ತುಂಬಿಬಂತು. ತಣ್ಣಗಾಗಿದ್ದ ಕಾಫಿಯನ್ನು ಎತ್ತಿ ಕುಡಿದ. ಅಲ್ಲಿದ್ದ ಎಲ್ಲಕ್ಕಿಂತ ಎತ್ತರದ ಕಾರಿಗೆ ಹಾರ ಹಾಕಿಸಿ, ಚಕ್ರದಡಿ ನಿಂಬೆಹಣ್ಣು ಇಡಿಸಿ, ಮನೆಗೆ ತಂದ.

ತಾಯಿ ಹೊಸ ಸೀರೆ ಉಟ್ಟು ಬಂದಳು. ಕಾಲೆತ್ತಿದಳು, ಎಟುಕಲಿಲ್ಲ. ಮಗ ಹಿಂದಿನಿಂದ ನೂಕಿದ, ಸೊಸೆ ಒಳಗಿನಿಂದ ಎಳೆದಳು. ಏನು ಮಾಡಿದರೂ ಆಗಲಿಲ್ಲ. ಮುದುಕಿ ನಗು ತಡೆಯಲಾರದೆ ಜಗಲಿಯ ಮೇಲೆ ಕೂತುಬಿಟ್ಟಳು. "ಇದರ ಜೊತೆ ಒಂದು ಏಣಿ ಕೊಡಲಿಲ್ಲವೇನೋ ಮಗನೇ?" ಎಂದಳು. ಕೊನೆಗೆ ನೆರೆಮನೆಯವರ ಹಳೆಯ ಸಣ್ಣ ಕಾರಿನಲ್ಲಿ ತಂಗಿಯ ಮನೆಗೆ ಹೊರಟಳು. ಅವಳ ಕೈಚೀಲ, ಕೊಡೆ ಹೊತ್ತುಕೊಂಡು ದೊಡ್ಡ ಕಾರು ಹಿಂದೆ ಬಂತು. ದಾರಿಯುದ್ದಕ್ಕೂ ವ್ಯಾಪಾರಿಗೆ ನಾಚಿಕೆಯೋ ನಾಚಿಕೆ.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ನಕ್ಕು ನಕ್ಕು ಸುಸ್ತಾದ. "ಅಂಥ ಪಳಗಿದವನು ಬರಿ ಹೊಗಳಿಕೆಗೆ ಬಿದ್ದನಲ್ಲ, ಬುದ್ಧೀ. ನಾನಾಗಿದ್ದರೆ ಆ ತಂತ್ರವನ್ನೂ ಹಿಡಿಯುತ್ತಿದ್ದೆ" ಎಂದ.

"ನಿಜ ಕಣಪ್ಪ, ನಿನ್ನಷ್ಟು ಸೂಕ್ಷ್ಮ ಬಲ್ಲವನು ಈ ಮಠದಲ್ಲಿ ಇನ್ನೊಬ್ಬನಿಲ್ಲ, ಇವತ್ತು ಹಂಡೆ ತಿಕ್ಕುವ ಕೆಲಸವನ್ನು ನಿನಗಲ್ಲದೆ ಇನ್ನಾರಿಗೆ ವಹಿಸಲಿ?" ಎಂದರು ಗುರುಗಳು.

ಚೆನ್ನವೀರ ಹಿಗ್ಗಿನಿಂದ ಎದ್ದು, ದೊಡ್ಡ ಹಂಡೆಯನ್ನು ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು, ಅಲ್ಲೇ ಗಕ್ಕನೆ ನಿಂತು ಗುರುಗಳ ಕಡೆ ತಿರುಗಿ ನೋಡಿದ.